ಕೊಲಿನೆಸ್ಟರೇಸ್ ರಿಪೋರ್ಟ್ ನಾರ್ಮಲ್ ಬಂದರೆ ಸಾಕೇ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ತೋಟದವರು ಕೆಲವರು ರಕ್ತಪರೀಕ್ಷೆಯ ಹೆಸರು ಹೇಳಿಕೊಂಡೇ ಬರುತ್ತಾರೆ. "ತೋಟಕ್ಕೆ ಮದ್ದು ಬಿಟ್ಟಿದ್ದೇನೆ ಡಾಕ್ಟ್ರೇ, ಕೊಲಿನೆಸ್ಟರೇಸ್ ಒಂದು ನೋಡುವನಾ?" ಯಾವ ಮದ್ದು ಎಂದು ಮೊದಲು ಕೇಳುತ್ತೇನೆ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಬಿಟ್ಟ ಬೋರ್ಡೋ ದ್ರಾವಣವಾದರೆ ಈ ಪರೀಕ್ಷೆ ಸುಮ್ನೆ ದುಡ್ಡು ದಂಡ. ಅದರಿಂದ ಕಣ್ಣು ಉರಿಯಬಹುದು, ಚರ್ಮ ತುರಿಸಬಹುದು. ಅದನ್ನೆಲ್ಲ ಕೊಲಿನೆಸ್ಟರೇಸ್ ಹೇಳುವುದಿಲ್ಲ.

ಗೆದ್ದಲಿಗೆ ಕ್ಲೋರ್‌ಪೈರಿಫಾಸ್, ತರಕಾರಿಗೆ ಕ್ವಿನಾಲ್‌ಫಾಸ್ ಬಿಟ್ಟಿದ್ದರೆ ಮಾತು ಬೇರೆ. ನರದ ತುದಿಯಿಂದ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ ಹೊರಬಿದ್ದಾಗ ಸ್ನಾಯು ಬಿಗಿಯುತ್ತದೆ, ಜೊಲ್ಲು, ಬೆವರು ಬರುತ್ತದೆ. ಕೆಲಸ ಮುಗಿದ ಕೂಡಲೇ ಅದನ್ನು ಒಡೆದುಹಾಕುವ ಪ್ರೋಟೀನ್ ಅಸಿಟೈಲ್‌ಕೊಲಿನೆಸ್ಟರೇಸ್. ಮೇಲೆ ಹೇಳಿದ ಎರಡೂ ಸೇರುವ ಆರ್ಗನೋಫಾಸ್ಫೇಟ್ ಗುಂಪಿನ ವಿಷ ಈ ಪ್ರೋಟೀನಿಗೇ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಆಗ ಕಣ್ಣಿನ ಪಾಪೆ ಪಿನ್ನಿನ ಮೊನೆಯಷ್ಟು ಸಣ್ಣದಾಗುತ್ತದೆ, ಬಾಯಲ್ಲಿ ನೊರೆ, ಎದೆಯಲ್ಲಿ ಕಫ. ಇಂಥವರಿಗೆ ರಿಪೋರ್ಟ್ ಕಾಯುತ್ತ ಕೂರುವ ಹಾಗಿಲ್ಲ. ಎದೆ ತಿಳಿಯಾಗುವ ತನಕ ಅಟ್ರೋಪಿನ್ ಕೊಡುತ್ತಲೇ ಇರಬೇಕು.

ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬರುವುದು ಸ್ವಲ್ಪಸ್ವಲ್ಪವೇ ವಿಷ ಮೈಗೆ ಹತ್ತುತ್ತಿರುವವರಿಗೆ. ನರದಲ್ಲಿರುವ ಪ್ರೋಟೀನೇ ಕೆಂಪು ರಕ್ತಕಣದ ಮೇಲೂ ಇದೆ. ಅದನ್ನು ಅಳೆದರೆ ನರದ ಸ್ಥಿತಿಯ ಅಂದಾಜು ಸಿಗುತ್ತದೆ. ಆದರೆ ನಮ್ಮ ಸಣ್ಣ ಪೇಟೆಯ ಲ್ಯಾಬುಗಳು ಸಾಮಾನ್ಯವಾಗಿ ಅಳೆಯುವುದು ಅದರ ತಮ್ಮನನ್ನು, ಅಂದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿರುವ ಬ್ಯುಟಿರಿಲ್‌ಕೊಲಿನೆಸ್ಟರೇಸನ್ನು. ಇದನ್ನು ತಯಾರಿಸುವುದು ಲಿವರ್. ಹಾಗಾಗಿ ಲಿವರ್ ಕೆಟ್ಟವರಲ್ಲಿ, ಗರ್ಭಿಣಿಯರಲ್ಲಿ ವಿಷವಿಲ್ಲದೆಯೂ ಕಡಿಮೆ ಬರುತ್ತದೆ.

ಇನ್ನೊಂದು ತೊಡಕು ನಾರ್ಮಲ್ ಎಂಬುದರದ್ದೇ. ರಿಪೋರ್ಟಿನಲ್ಲಿ 5,000ದಿಂದ 12,000 ಎಂದು ಮಿತಿ ಬರೆದಿದೆ ಎನ್ನಿ. ಒಬ್ಬರ ಎಂದಿನ ಮಟ್ಟ 11,000. ಮದ್ದು ಬಿಟ್ಟ ಮೇಲೆ 6,000 ಬಂದರೆ ಹತ್ತಿರ ಹತ್ತಿರ ಅರ್ಧ ಹೋಯಿತು, ಅಲ್ವಾ? ಚೀಟಿಯಲ್ಲಿ ಮಾತ್ರ ನಾರ್ಮಲ್! ಅದಕ್ಕೇ, ಬೇರೆಯವರ ತೋಟಕ್ಕೆ ದಿನವೂ ಮದ್ದು ಬಿಡಲು ಹೋಗುವವರು ಸೀಸನ್ನಿಗೆ ಮೊದಲೇ ಒಮ್ಮೆ ನೋಡಿಸಿ, ಆ ಚೀಟಿ ಜೋಪಾನ ಇಟ್ಟುಕೊಳ್ಳಿ. ಹೋಲಿಸಲು ಅದಿಲ್ಲದಿದ್ದರೆ ನಾವು ಹೇಳುವುದು ಅರ್ಧ ಊಹೆ. ಕುಸಿದದ್ದು ಪ್ಲಾಸ್ಮಾದಲ್ಲಿ ಕೆಲವು ವಾರಗಳಲ್ಲಿ ಸರಿಯಾಗುತ್ತದೆ. ಕೆಂಪು ಕಣದಲ್ಲಿ ಹೊಸ ಕಣ ಹುಟ್ಟಿ ಬರಬೇಕು, ಮೂರು ನಾಲ್ಕು ತಿಂಗಳೂ ಹಿಡಿಯಬಹುದು. ಇದೇ ಪ್ರೋಟೀನಿಗೆ ಅಂಟುವ ಕಾರ್ಬಮೇಟ್ ಗುಂಪಿನ ವಿಷವಾದರೆ ಕೆಲವು ಗಂಟೆಗಳಲ್ಲೇ ಬಿಟ್ಟುಹೋಗುತ್ತದೆ, ಮಾರನೆ ದಿನ ನೋಡಿ ಏನೂ ಪ್ರಯೋಜನವಿಲ್ಲ.

ಇದೇ ಪ್ರೋಟೀನನ್ನು ಬೇಕೆಂದೇ ತಡೆಯುವ ಮಾತ್ರೆಗಳೂ ಇವೆ. ಮರೆವಿನ ಕಾಯಿಲೆಗೆ ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಸ್ನಾಯು ಸೋಲುವ ಮಯಸ್ತೇನಿಯಾಕ್ಕೆ ಪೈರಿಡೋಸ್ಟಿಗ್ಮಿನ್. ಡೋಸಿನ ಅಳತೆಯಲ್ಲಿ ವಿಷವೇ ಔಷಧಿ. ರಿವಾಸ್ಟಿಗ್ಮಿನ್ ತಗೊಳ್ಳುವ ಅಜ್ಜಿಗೆ ಪ್ಲಾಸ್ಮಾ ಮಟ್ಟ ಕಡಿಮೆ ಬಂದರೆ ಗಾಬರಿ ಬೇಡ. ಆಪರೇಷನ್ ಇದ್ದರೆ ಮಾತ್ರ ಅರಿವಳಿಕೆಯ ಡಾಕ್ಟರಿಗೆ ಮೊದಲೇ ಹೇಳಿ. ಆಪರೇಷನ್ನಿನಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೊಲಿನ್ ಇಂಜೆಕ್ಷನನ್ನು ಕರಗಿಸುವುದು ಪ್ಲಾಸ್ಮಾದ ಈ ಪ್ರೋಟೀನೇ. ಅದು ಕಡಿಮೆಯಿದ್ದರೆ ಉಸಿರು ಮರಳುವುದು ತಡವಾಗುತ್ತದೆ.

ಎಣ್ಮಕಜೆ ಕಡೆಯವರು ಕೇಳುವ ಪ್ರಶ್ನೆ ಬೇರೆ: "ಮೊದಲಿನ ಎಂಡೋಸಲ್ಫಾನ್ ಇನ್ನೂ ಮೈಯಲ್ಲಿ ಉಂಟಾ ಅಂತ ಇದ್ರಲ್ಲಿ ಗೊತ್ತಾಗ್ತದಾ?" ಇಲ್ಲ. ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಈ ಕೀಟನಾಶಕ ಆರ್ಗನೋಕ್ಲೋರಿನ್ ಎಂಬ ಬೇರೆಯೇ ಗುಂಪಿನದ್ದು. ಅದು ಈ ಪ್ರೋಟೀನಿನ ತಂಟೆಗೆ ಹೋಗುವುದಿಲ್ಲ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ತೆರೆಯುವ ಕ್ಲೋರೈಡ್ ದಾರಿಯನ್ನು ಮುಚ್ಚುತ್ತದೆ, ಅದಕ್ಕೇ ಅದರ ವಿಷದಲ್ಲಿ ಫಿಟ್ಸ್ ಬರುವುದು. ಅಲ್ಲಿಯ ಪಡ್ರೆಯ ಶಾಲಾಮಕ್ಕಳನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿದಾಗಲೂ ರಕ್ತದಲ್ಲಿ ಎಂಡೋಸಲ್ಫಾನನ್ನೇ ಹುಡುಕಿದ್ದರು. ಇಷ್ಟು ವರ್ಷಗಳ ಮೇಲೆ ರಕ್ತದಲ್ಲಿ ಅದೂ ಸಿಗುವಂಥದ್ದಲ್ಲ. ಆ ಮನೆಗಳವರಿಗೆ ಬೇಕಾದ್ದು ನರ, ಹಾರ್ಮೋನು, ಮಕ್ಕಳ ಬೆಳವಣಿಗೆಯ ತಪಾಸಣೆ. ಅದಕ್ಕೆ ಬೇರೆಯೇ ಚೀಟಿ ಬರೆದುಕೊಡುತ್ತೇನೆ.