ಕಾಸರಗೋಡು ಸೀರೆಯ ಎರಡು ಅಂಚು

ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿನ, ಒಂದೆಳೆ ತುಂಡಾದರೆ ಮಗ್ಗ ನಿಲ್ಲುತ್ತದೆ. ನೇಕಾರರು ಬಗ್ಗಿ, ಎರಡು ತುದಿಗಳನ್ನು ಬೆರಳಲ್ಲಿ ಹೊಸೆದು, ಗಂಟು ಕಾಣದಂತೆ ಸೇರಿಸಿ ಮತ್ತೆ ಲಾಳಿ ಓಡಿಸುತ್ತಾರೆ. ಸಣ್ಣ ನೂಲು, ಗಂಜಿ ಹಿಡಿದ ಹಾಸು, ಡಾಬಿ ಎಂಬ ವಿನ್ಯಾಸದ ಸಾಧನದಲ್ಲಿ ಮೂಡಿದ ಅಂಚು: ಕಾಸರಗೋಡು ಸೀರೆ ಸಿದ್ಧವಾಗುವುದು ಹೀಗೆ. ಒಗೆದಷ್ಟೂ ಮೈಗೆ ಹಿತವಾಗುವ ಈ ಹತ್ತಿ ಬಟ್ಟೆಗೆ ಒಂದು ರಾಜಕೀಯ ಚರಿತ್ರೆಯೂ ಇದೆ.

ನೇಯ್ಗೆ ಇಲ್ಲಿ ಶಾಲಿಯರ ಕುಲಕಸುಬು. 1851ರಲ್ಲಿ ಕ್ರೈಸ್ತ ಮಿಷನರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆ ಕಾರ್ಖಾನೆ ತೆರೆದಾಗ, ಮತಾಂತರದಿಂದ ಜಾತಿಯ ಕೆಲಸ ಕಳೆದುಕೊಂಡವರೂ ಮಗ್ಗದ ಮುಂದೆ ಕುಳಿತರು. ಅದೇ ಕಾರ್ಖಾನೆಯ ಖಾಕಿ ಪೊಲೀಸರ ಮೈಗೇರಿತು. ಬಟ್ಟೆ ಅನ್ನವನ್ನೂ ಕೊಟ್ಟಿತು, ಅಧಿಕಾರಕ್ಕೆ ವೇಷವನ್ನೂ ಕೊಟ್ಟಿತು. 1905ರ ಆಗಸ್ಟ್ 7ರಂದು ಕಲ್ಕತ್ತೆಯಲ್ಲಿ ವಿದೇಶಿ ವಸ್ತುಗಳ ಬಹಿಷ್ಕಾರಕ್ಕೆ ಕರೆ ಹೊರಟ ಮೇಲೆ ಸ್ವದೇಶಿ ಬಟ್ಟೆ ಉಡುವುದೇ ಒಂದು ನಿಲುವಾಯಿತು. ರಾಷ್ಟ್ರೀಯ ಕೈಮಗ್ಗ ದಿನ ಆ ತಾರೀಕಿನ ನೆನಪು.

ಘೋಷಣೆಯಿಂದ ನೇಕಾರರ ಹೊಟ್ಟೆ ತುಂಬಲಿಲ್ಲ. ನೂಲು ಸಾಹುಕಾರನದು, ಬೆಲೆಯೂ ಅವನದೇ ಆದಾಗ ಕೈಚಳಕಕ್ಕೆ ಏನು ಬಲ? ಆ ಹಿಡಿತ ಸಡಿಲಿಸಲು ಹೊರಟದ್ದು ಸಹಕಾರ ಚಳುವಳಿ. 1938ರಲ್ಲಿ ಕಾಸರಗೋಡಿನ ನೇಕಾರರ ಸಹಕಾರ ಸಂಘ ಹುಟ್ಟಿತು. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದಿಟ್ಟ ರಾಜಕೀಯ ಕೆಲಸ ಅದೇ.

ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಕೊಡಬೇಕೆಂದು 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಹೇಳಿದರೂ ಗಡಿ ಕದಲಲಿಲ್ಲ. ಒಂದೇ ಜಿಲ್ಲೆಯಲ್ಲಿದ್ದ ಮಗ್ಗಗಳು ಎರಡು ರಾಜ್ಯಗಳ ಪಾಲಾದವು. 2010ರಲ್ಲಿ ಕಾಸರಗೋಡು ಸೀರೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು; ಮುಂದೆ ಉಡುಪಿ ಸೀರೆಗೂ ಬೇರೆಯೇ ಗುರುತು ಬಂತು.

ಗುರುತಿನ ಚೀಟಿ ಹೆಸರನ್ನು ಕಾಯುತ್ತದೆ, ಕೂಲಿಯನ್ನಲ್ಲ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾನೂನಿನ ಪಟ್ಟಿ 22ರಿಂದ 11ಕ್ಕೆ ಇಳಿದಿದೆ. ವಿದ್ಯುತ್ ಮಗ್ಗದ ಬಟ್ಟೆ ಅಗ್ಗ, ಅದರ ಮುಂದೆ ಕೈಯ ಶ್ರಮ ಸೋಲುತ್ತದೆ. ಶಾಲಾ ಮಕ್ಕಳ ಸಮವಸ್ತ್ರವನ್ನು ಕೈಮಗ್ಗದಲ್ಲಿ ನೇಯಿಸುವ ಕೇರಳ ಸರಕಾರದ ಯೋಜನೆ ಸರಿಯಾದ ಕೆಲಸವೆಂದು ನಾನು ನಂಬುವುದು ಇದೇ ಕಾರಣಕ್ಕೆ. ಅದರಲ್ಲಿ ನೇಕಾರರಿಗೆ ಖಚಿತ ಬೇಡಿಕೆಯಿದೆ.

ಗಡಿನಾಡಿನ ಕನ್ನಡಿಗರಾದ ನಾವು ಮಹಾಜನ ವರದಿಯನ್ನು ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದೇವೆ. ಮದುವೆಯ ಜವಳಿಗೆ ಹೊರಟಾಗ ಮಾತ್ರ ಸಂಘದ ಮಳಿಗೆ ದಾಟಿ ಮಂಗಳೂರಿನ ಬಸ್ ಹತ್ತುತ್ತೇವೆ. ಈ ಬಾರಿ ಪಟ್ಟಿಯಲ್ಲಿ ಎರಡು ಕಾಸರಗೋಡು ಸೀರೆಗಳನ್ನು ಬರೆದುಕೊಳ್ಳಿ.