ಆಕಾಶದ ಅದಿರಿಗೆ ಸಾಗಣೆ ಖರ್ಚು ಎಷ್ಟು?

ಶಿರಸಿಯಲ್ಲಿ ಬೆಳ್ಳಿ-ಬಂಗಾರದ ಅಂಗಡಿ ಇಟ್ಟಿರುವ ನನ್ನ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. "ಮಾವ, ಯಾವುದೋ ಕ್ಷುದ್ರಗ್ರಹದ ತುಂಬ ಲೋಹವೇ ಉಂಟಂತೆ. ಅದನ್ನು ತಂದರೆ ಬಂಗಾರದ ರೇಟು ಬೀಳ್ತದಾ?"

ಅವನು ಕೇಳಿದ್ದು ಸೈಕಿ ಬಗ್ಗೆ. ಸುಮಾರು 220 ಕಿಲೋಮೀಟರ್ ಅಗಲದ ಈ ಕ್ಷುದ್ರಗ್ರಹಕ್ಕೆ ಕೋಟಿ ಕೋಟಿ ಡಾಲರ್ ಬೆಲೆ ಕಟ್ಟಿದ ಸುದ್ದಿ ಆಗಾಗ ಬರುತ್ತದೆ. ಇರಬಹುದಾದ ಅಷ್ಟೂ ಲೋಹವನ್ನು ಇವತ್ತಿನ ರೇಟಿಗೆ ಗುಣಿಸಿದ ಲೆಕ್ಕ ಅದು. ಅದಿರಿನ ವ್ಯಾಪಾರ ಹತ್ತಿರದಿಂದ ನೋಡಿದವರು ಯಾರೂ ಹಾಗೆ ಲೆಕ್ಕ ಹಾಕುವುದಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸುವವರೆಗೂ ನಾನು ಕಾರವಾರ, ಬೇಲೆಕೇರಿ ಬಂದರುಗಳಲ್ಲಿ ಕಬ್ಬಿಣದ ಅದಿರಿನ ಸ್ಯಾಂಪಲ್ ತೆಗೆಯುತ್ತಿದ್ದೆ. ರಾಶಿಯ ಬೇರೆ ಬೇರೆ ಕಡೆಯಿಂದ ಸಲಿಕೆಯಲ್ಲಿ ತೆಗೆದು ಗುಪ್ಪೆ ಹಾಕುವುದು. ಅದನ್ನು ಚಪ್ಪಟೆ ಮಾಡಿ ನಾಲ್ಕು ಪಾಲು ಮಾಡುವುದು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಮತ್ತೆ ಗುಪ್ಪೆ, ಮತ್ತೆ ನಾಲ್ಕು ಪಾಲು. ಕೊನೆಗೆ ಉಳಿದ ಒಂದು ತಟ್ಟೆ ಅದಿರನ್ನು ತೂಗಿ, 105 ಡಿಗ್ರಿಯ ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗುವುದು. ಖರೀದಿದಾರ ದುಡ್ಡು ಕೊಡುವುದು ಒಣ ತೂಕಕ್ಕೆ ಮಾತ್ರ. ಹೊಸಪೇಟೆ-ಸಂಡೂರು ಕಡೆಯಿಂದ ಅರಬೈಲು ಘಟ್ಟ ಇಳಿಸಿ ತರುವಾಗ ಲಾರಿ ಬಾಡಿಗೆಯನ್ನು ಮಾತ್ರ ನೀರಿನ ತೂಕಕ್ಕೂ ಸೇರಿಸಿಯೇ ಕೊಟ್ಟಾಗಿರುತ್ತಿತ್ತು.

ಈಗ ಬಾಹ್ಯಾಕಾಶದ ಬಾಡಿಗೆ ನೋಡಿ. ನಾಸಾದ ಒಸೈರಿಸ್-ರೆಕ್ಸ್ ನೌಕೆ 2016ರಲ್ಲಿ ಹೊರಟು, 'ಬೆನ್ನು' ಎಂಬ ಹೆಸರಿನ ಕ್ಷುದ್ರಗ್ರಹದ ಮಣ್ಣು-ಕಲ್ಲನ್ನು 2023ರ ಸೆಪ್ಟೆಂಬರ್‌ನಲ್ಲಿ ಭೂಮಿಗೆ ತಲುಪಿಸಿತು. ಬಂದದ್ದು 121.6 ಗ್ರಾಂ. ಖರ್ಚು ಸುಮಾರು 116 ಕೋಟಿ ಡಾಲರ್. ಗ್ರಾಂಗೆ ಹತ್ತಿರ ಹತ್ತಿರ 95 ಲಕ್ಷ ಡಾಲರ್ ಬಿತ್ತು. ಅದು ವಿಜ್ಞಾನಕ್ಕೆ ಹೋದ ನೌಕೆ, ಆ ತಿಳಿವಳಿಕೆಗೆ ಅಷ್ಟು ಖರ್ಚು ಮಾಡಿದ್ದು ಸರಿಯೇ. ಆದರೆ ಸಾಗಣೆ ಹತ್ತು ಸಾವಿರ ಪಟ್ಟು ಅಗ್ಗವಾದರೂ ಗ್ರಾಂಗೆ 950 ಡಾಲರ್ ಆಯಿತು. ಪ್ಲಾಟಿನಂ ಅಂಥ ಬೆಲೆ ಕಂಡದ್ದೇ ಇಲ್ಲ. ಅದೂ ಇದು ಬರೀ ಮಣ್ಣಿನ ಲೆಕ್ಕ.

ಗ್ರೇಡ್, ಅಂದರೆ ಟನ್ನಿಗೆ ಎಷ್ಟು ಲೋಹ ಎಂಬುದು, ಚೆನ್ನಾಗಿರಬಹುದು, ಒಪ್ಪುತ್ತೇನೆ. ಕ್ಷುದ್ರಗ್ರಹಗಳ ಚೂರಾಗಿ ಭೂಮಿಗೆ ಬಿದ್ದ ಕೆಲವು ಕಬ್ಬಿಣದ ಉಲ್ಕಾಶಿಲೆಗಳಲ್ಲಿ ಪ್ಲಾಟಿನಂ ಮತ್ತು ಅದರ ಗುಂಪಿನ ಅಪರೂಪದ ಲೋಹಗಳು ಟನ್ನಿಗೆ ಹತ್ತಾರು ಗ್ರಾಂ ಇವೆ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಟನ್ನಿಗೆ ಕೆಲವೇ ಗ್ರಾಂ. ಆದರೆ ಟನ್ನಿಗೆ 50 ಗ್ರಾಂ ಅಂದುಕೊಂಡರೂ, ಒಂದು ಕಿಲೋ ಬೇಕಾದರೆ 20 ಟನ್ ಗಟ್ಟಿ ಕಬ್ಬಿಣ-ನಿಕ್ಕಲ್‌ನಿಂದ ಬಿಡಿಸಬೇಕು. ಇಲ್ಲಿಯ ಹಾಗೆ ಸುಮ್ನೆ ಪುಡಿ ಮಾಡಿ, ನೀರಿನಲ್ಲಿ ನೊರೆ ಎಬ್ಬಿಸಿ ತೇಲಿಸಿ ತೆಗೆಯಲು ಆಗುವುದಿಲ್ಲ. ಅದು ಕಬ್ಬಿಣದೊಳಗೇ ಬೆರೆತಿರುತ್ತದೆ.

ತಂದೇ ಬಿಟ್ಟರು ಅಂತಿಟ್ಟುಕೊಳ್ಳಿ. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಬರುವ ಪ್ಲಾಟಿನಂ 200 ಟನ್ ಕೂಡ ಇಲ್ಲ. ಅಷ್ಟು ಸಣ್ಣ ಪೇಟೆಗೆ ಒಂದೇ ಸಲ ನೂರು ಟನ್ ಬಂದರೆ? ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಲೆ ಹರಿಯುವಷ್ಟು ತಾರ್ಲೆ ಮೀನು ಬಿದ್ದಾಗ ಅದು ತೆಂಗಿನ ಬುಡಕ್ಕೆ ಗೊಬ್ಬರವಾದದ್ದನ್ನು ನೋಡಿದ್ದೇವೆ ಅಲ್ವಾ? ಕ್ಷುದ್ರಗ್ರಹಗಳಲ್ಲಿ ಗಣಿ ಮಾಡುತ್ತೇವೆಂದು 2012ರಲ್ಲಿ ದೊಡ್ಡ ಸದ್ದು ಮಾಡಿ ಬಂದ ಪ್ಲಾನೆಟರಿ ರಿಸೋರ್ಸಸ್ ಕಂಪನಿ ಒಂದು ಗ್ರಾಂ ಲೋಹವನ್ನೂ ತರದೆ 2018ರಲ್ಲಿ ಬೇರೆಯವರ ಪಾಲಾಯಿತು.

ನನಗೆ ಭರವಸೆ ಇರುವುದು ನೀರಿನ ಮೇಲೆ. ಚಂದ್ರನಲ್ಲಿ ನೀರಿನ ಅಂಶ ಇರುವುದನ್ನು ಚಂದ್ರಯಾನ-1ರ ಮಾಹಿತಿ ತೋರಿಸಿಕೊಟ್ಟದ್ದು 2009ರಲ್ಲಿ. ನೀರನ್ನು ಒಡೆದರೆ ಹೈಡ್ರೋಜನ್ ಮತ್ತು ಆಕ್ಸಿಜನ್, ಎರಡೂ ರಾಕೆಟ್ಟಿಗೆ ಬೇಕಾದವು. ಅಲ್ಲೇ ತೆಗೆದು ಅಲ್ಲೇ ಬಳಸಿದರೆ ಭೂಮಿಗೆ ಇಳಿಸುವ ಬಾಡಿಗೆಯೇ ಇಲ್ಲ. ನಮ್ಮ ಓವನ್ನಿನಲ್ಲಿ ಆವಿಯಾಗಿ ಹೋಗುತ್ತಿದ್ದ ನೀರಿಗೆ ಯಾರೂ ಕಾಸು ಕೊಡುತ್ತಿರಲಿಲ್ಲ, ಅಲ್ಲಿ ಅದೇ ಮಾಲು.

ಅಂಗಡಿಯ ಸ್ಟಾಕ್ ಬಗ್ಗೆ ಹೆದರಬೇಡ ಎಂದು ಅಳಿಯನಿಗೆ ಹೇಳಿದೆ. ಸೈಕಿಗೆ 2023ರ ಅಕ್ಟೋಬರ್‌ನಲ್ಲಿ ಹೊರಟ ನಾಸಾದ ನೌಕೆ 2029ರಲ್ಲಿ ತಲುಪಬೇಕು. ಅಲ್ಲಿ ಲೋಹ ಎಷ್ಟು, ಕಲ್ಲು ಎಷ್ಟು ಎಂಬುದು ಆಗ ಇನ್ನಷ್ಟು ಸ್ಪಷ್ಟವಾಗಬಹುದು. ಸುತ್ತು ಹಾಕುತ್ತ ಮೇಲಿನಿಂದಲೇ ಅಳೆಯುವ ನೌಕೆ ಅದು. ಒಂದು ತಟ್ಟೆ ಸ್ಯಾಂಪಲ್ ಕೂಡ ವಾಪಸ್ ತರುವುದಿಲ್ಲ.