ಹಚ್ಚೆಯ ಮೇಲೆ ವಾಚು ನಾಡಿ ಹಿಡಿಯದಿದ್ದರೆ

ಮಣಿಕಟ್ಟಿನ ತುಂಬ ಕಪ್ಪು ಟ್ಯಾಟೂ ಇರುವವರು ಸ್ಮಾರ್ಟ್ ವಾಚ್ ಕಟ್ಟಿದಾಗ ಮೂರರಲ್ಲಿ ಒಂದು ತೊಂದರೆ ಎದುರಾಗಬಹುದು. ಹೃದಯ ಬಡಿತದ ಜಾಗದಲ್ಲಿ ಬರೀ ಗೆರೆ ಕಾಣುತ್ತದೆ. ಕೈಯಲ್ಲೇ ಇದ್ದರೂ ವಾಚು ಪದೇ ಪದೇ ಲಾಕ್ ಆಗಿ ಪಾಸ್‌ಕೋಡ್ ಕೇಳುತ್ತದೆ. ಇಲ್ಲವೇ ಸಂಖ್ಯೆ ಬರುತ್ತದೆ, ಆದರೆ ತಪ್ಪು ಸಂಖ್ಯೆ. ಮೊದಲೆರಡು ಕಿರಿಕಿರಿ ಅಷ್ಟೆ. ಎಚ್ಚರ ಬೇಕಾದದ್ದು ಮೂರನೆಯದರಲ್ಲಿ.

2015ರಲ್ಲಿ ಆಪಲ್ ವಾಚ್ ಬಂದ ಕೆಲವೇ ದಿನಗಳಲ್ಲಿ ಈ ದೂರು ಕೇಳಿಬಂತು. ಕೆಲವು ಟ್ಯಾಟೂಗಳ ಶಾಯಿ, ವಿನ್ಯಾಸ, ದಟ್ಟಣೆ ಸೆನ್ಸರಿನ ಬೆಳಕನ್ನು ತಡೆಯಬಹುದೆಂದು ಕಂಪನಿಯೇ ಗ್ರಾಹಕರಿಗೆ ತಿಳಿಸಿತು. ಹಾಗೆಂದು ಇದು ಒಂದು ಕಂಪನಿಯ ದೋಷವಲ್ಲ. ಹಸಿರು ಬೆಳಕಿನಿಂದ ನಾಡಿ ನೋಡುವ ಯಾವ ವಾಚಿಗೂ, ಬ್ಯಾಂಡಿಗೂ ಇದು ತಪ್ಪಿದ್ದಲ್ಲ.

ವಾಚಿನ ಅಡಿಯ ಎಲ್‌ಇಡಿ ಸುಮಾರು 525 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕನ್ನು ಚರ್ಮದೊಳಕ್ಕೆ ಬಿಡುತ್ತದೆ. ರಕ್ತ ಹಸಿರನ್ನು ಚೆನ್ನಾಗಿ ಹೀರುತ್ತದೆ. ಹೃದಯ ಮಿಡಿದಾಗ ರಕ್ತ ಹೆಚ್ಚಿ, ಮರಳುವ ಬೆಳಕು ಚೂರು ಕಡಿಮೆಯಾಗುತ್ತದೆ. ಪಕ್ಕದಲ್ಲಿರುವ, ಬೆಳಕನ್ನು ಗ್ರಹಿಸುವ ಫೋಟೊಡಯೋಡ್ ಆ ಏರಿಳಿತವನ್ನು ಎಣಿಸುತ್ತದೆ. ಏರಿಳಿತ ಎಷ್ಟು ಸಣ್ಣದೆಂದರೆ, ಮರಳುವ ಬೆಳಕು 1000 ಪಾಲು ಎಂದಿಟ್ಟುಕೊಂಡರೆ ನಾಡಿಯ ಪಾಲು ಹತ್ತರ ಆಸುಪಾಸು. ಇನ್ನು ಟ್ಯಾಟೂ ಶಾಯಿ ಕೂತಿರುವುದು ಹೊರಪದರದ ಕೆಳಗೆ, ಒಂದೆರಡು ಮಿಲಿಮೀಟರ್ ಆಳದೊಳಗೆ. ಹಸಿರು ಬೆಳಕು ತಲುಪುವ ಸಣ್ಣ ರಕ್ತನಾಳಗಳೂ ಅಲ್ಲೇ ಇವೆ. ಬೆಳಕು ಶಾಯಿಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕು. ಪ್ರತಿ ಸಲ ಮೂರನೇ ಒಂದು ಭಾಗ ಮಾತ್ರ ಪಾರಾದರೂ ಕೊನೆಗೆ ಉಳಿಯುವುದು ಒಂಬತ್ತನೇ ಒಂದು ಭಾಗ. ಹತ್ತಿದ್ದ ನಾಡಿಯ ಪಾಲು ಒಂದಕ್ಕಿಳಿಯುತ್ತದೆ. ಮೇಲ್ಪದರದಿಂದಲೇ ವಾಪಸಾಗುವ ಬೆಳಕು ಮಾತ್ರ ಹಾಗೆಯೇ ಇರುತ್ತದೆ. ಅದರಲ್ಲಿ ನಾಡಿಯ ಸುಳಿವೇ ಇಲ್ಲ. ಎಲ್‌ಇಡಿಯನ್ನು ಇನ್ನಷ್ಟು ಪ್ರಖರವಾಗಿಸಿ ಸರಿದೂಗಿಸುವ ವಾಚುಗಳಿವೆ, ಆದರೆ ಅದಕ್ಕೂ ಮಿತಿಯಿದೆ.

ಬಣ್ಣದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಕಪ್ಪು ಶಾಯಿಯಲ್ಲಿರುವ ಇಂಗಾಲ ಎಲ್ಲ ಬಣ್ಣವನ್ನೂ ನುಂಗುತ್ತದೆ, ಸರಿ. ಕೆಂಪೂ ಹೆಚ್ಚುಕಡಿಮೆ ಅಷ್ಟೇ ಕೆಟ್ಟದ್ದು: ಅದು ಕೆಂಪಾಗಿ ಕಾಣುವುದೇ ಹಸಿರನ್ನು ಹೀರಿಕೊಳ್ಳುವುದರಿಂದ. ಅಜ್ಜಿಯಂದಿರ ಮುಂಗೈಯ ಹಚ್ಚೆ ಹಸಿರಾಗಿ ಕಂಡರೂ ಸಾಮಾನ್ಯವಾಗಿ ಒಳಗಿರುವುದು ಮಸಿಯೇ. ಆದರೆ ಗೆರೆ, ಚುಕ್ಕಿಗಳ ನಡುವೆ ಬರಿಯ ಚರ್ಮ ಸಾಕಷ್ಟಿರುವುದರಿಂದ ವಾಚಿಗೆ ಅಷ್ಟು ಅಡ್ಡಿಯಿಲ್ಲ. ನಿಮ್ಮ ಟ್ಯಾಟೂ ಹೇಗೆಂದು ನೋಡಲು ಕತ್ತಲೆ ಕೋಣೆಯಲ್ಲಿ ಫೋನಿನ ಪರದೆಯ ಮೇಲೆ ಅಚ್ಚ ಹಸಿರು ಚಿತ್ರ ತೆರೆದು ಅದರ ಬೆಳಕನ್ನು ಕೈ ಮೇಲೆ ಬೀಳಿಸಿ. ಯಾವ ಭಾಗ ಕಪ್ಪಗೆ ಕಾಣುತ್ತದೋ ಅಲ್ಲಿ ಸೆನ್ಸರ್ ಇಡಬೇಡಿ.

ಇನ್ನು ತಪ್ಪು ಸಂಖ್ಯೆಯ ವಿಚಾರ. ನಾಡಿಯ ಅಲೆ ಕ್ಷೀಣಿಸಿದಾಗ ಕೈ ಬೀಸುವುದರಿಂದ ಏಳುವ ಅಲೆ ಅದಕ್ಕಿಂತ ದೊಡ್ಡದಾಗುತ್ತದೆ, ವಾಚು ಅದನ್ನೇ ಹಿಡಿದುಕೊಳ್ಳುತ್ತದೆ. ಓಡುವವರ ಹೆಜ್ಜೆ ನಿಮಿಷಕ್ಕೆ 160–180 ಇರುತ್ತದೆ. ಅದು ಹೃದಯ ಬಡಿತವೆಂದರೆ ಯಾರಿಗೂ ಅನುಮಾನ ಬರುವುದಿಲ್ಲ! ಪರೀಕ್ಷೆ ಸುಲಭ: ಓಡುತ್ತಿದ್ದವರು ತಟ್ಟನೆ ನಿಂತು ಇನ್ನೊಂದು ಕೈಯ ಹೆಬ್ಬೆರಳಿನ ಬುಡದ ಬಳಿ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ನಿಜವಾದ ಬಡಿತ ನಿಧಾನವಾಗಿ ಇಳಿಯುತ್ತದೆ. ನಿಂತ ಕೂಡಲೇ ವಾಚಿನ ಅಂಕಿ ದಢಕ್ಕನೆ ಬಿದ್ದರೆ ಅದು ಎಣಿಸುತ್ತಿದ್ದದ್ದು ಹೆಜ್ಜೆಯನ್ನೇ ಇರಬೇಕು.

ಪರಿಹಾರಕ್ಕೆ ಮೊದಲು ಕೈ ಬದಲಿಸಿ. ಸೆಟ್ಟಿಂಗ್ಸಿನಲ್ಲೂ ಕೈ ಬದಲಿಸುವುದನ್ನು ಮರೆಯಬೇಡಿ. ಎರಡೂ ಕೈಯಲ್ಲಿ ಟ್ಯಾಟೂ ಇದ್ದರೆ ಮಣಿಕಟ್ಟಿನ ಒಳಬದಿಗೆ ತಿರುಗಿಸಿ, ಅಥವಾ ಮೂಳೆಯಿಂದ ಎರಡು ಬೆರಳಿನಷ್ಟು ಮೇಲಕ್ಕೆ, ಅಲುಗಾಡದಂತೆ ಕಟ್ಟಿ. ವ್ಯಾಯಾಮಕ್ಕಾದರೆ ಎದೆಪಟ್ಟಿಯಷ್ಟು ನಂಬಿಕಸ್ಥ ಬೇರೊಂದಿಲ್ಲ. ಅದು ಹೃದಯದ ವಿದ್ಯುತ್ ಸಂಕೇತವನ್ನು ಓದುತ್ತದೆ, ಶಾಯಿಯ ಗೊಡವೆಯಿಲ್ಲ. ಒಳಬದಿಯ ಎಲೆಕ್ಟ್ರೋಡ್‌ಗಳನ್ನು ನೀರಿನಿಂದ ಒದ್ದೆ ಮಾಡಿ, ಎದೆಯ ಸ್ನಾಯುವಿನ ಕೆಳಗೆ ಬಿಗಿಯಾಗಿ ಕಟ್ಟಿ, ಬ್ಲೂಟೂತ್‌ನಲ್ಲಿ ಜೋಡಿಸಿದರಾಯಿತು. ಒಣಗಿದ ಪಟ್ಟಿ ಮೊದಲ ಕೆಲವು ನಿಮಿಷ ಏನೇನೋ ತೋರಿಸುತ್ತದೆ.

ಲಾಕ್ ಕಾಟ ತಪ್ಪಿಸಲು, ವಾಚು ಕೈಯಲ್ಲಿದೆಯೇ ಎಂದು ಸೆನ್ಸರಿನಿಂದ ನೋಡುವ ‘ಮಣಿಕಟ್ಟು ಪತ್ತೆ’ (ರಿಸ್ಟ್ ಡಿಟೆಕ್ಷನ್) ಆಯ್ಕೆಯನ್ನೇ ಆಫ್ ಮಾಡುವವರಿದ್ದಾರೆ. ಆಪಲ್ ವಾಚಿನಲ್ಲಿ ಹಾಗೆ ಮಾಡಿದರೆ ದಿನವಿಡೀ ಬಡಿತ ದಾಖಲಿಸುವುದೂ ನಿಲ್ಲುತ್ತದೆ. ಸೆನ್ಸರ್ ಮೇಲೆ ಪಾರದರ್ಶಕ ಉಬ್ಬು ಸ್ಟಿಕ್ಕರ್ ಅಂಟಿಸುವ ಉಪಾಯವೂ ಇದೆ. ಅದು ಬೆಳಕನ್ನು ವಾಪಸು ತಿರುಗಿಸಿ ವಾಚನ್ನು ಏಮಾರಿಸುತ್ತದೆ, ನಾಡಿಯನ್ನೇನೂ ಚೆನ್ನಾಗಿ ಓದಿಸುವುದಿಲ್ಲ. ಕೈಯಿಂದ ತೆಗೆದಿಟ್ಟ ಮೇಲೂ ವಾಚು ಲಾಕ್ ಆಗದೆ ಉಳಿಯಬಹುದು.

ಹೊಸದಾಗಿ ಟ್ಯಾಟೂ ಹಾಕಿಸುವವರು ಮೊದಲು ವಾಚು ಕಟ್ಟಿ, ಪೆನ್ನಿನಿಂದ ಸುತ್ತ ಗೆರೆ ಎಳೆದು, ನಡುವೆ ಸುಮಾರು 4 ಸೆಂಟಿಮೀಟರ್ ಖಾಲಿ ಬಿಡಲು ಕಲಾವಿದರಿಗೆ ಹೇಳಿ. ಗಾಯ ಪೂರ್ತಿ ಮಾಯುವವರೆಗೆ ಆ ಕೈಗೆ ವಾಚು ಬೇಡ. ಬೆವರು, ಉಜ್ಜಾಟದಿಂದ ಸೋಂಕು ತಗುಲಬಹುದು.